ಬೆಟ್ಟ ಮುಗಿಯುವಲ್ಲಿ ಅಕಿಕಿಕಿ

ಹಕ್ಕಿಯೊಂದರ ನೆಲೆ ಕುಗ್ಗುತ್ತಿದೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಕೊಡಲಿ, ಗರಗಸ, ಸುಟ್ಟು ಕರಕಲಾದ ಬಯಲು. ಕಾಡು ಕಡಿದರು, ಹಕ್ಕಿ ಹೋಯಿತು. ಇದಕ್ಕಿಂತ ಹೆಚ್ಚಿನ ವಿವರಣೆ ಬೇಕೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಹವಾಯಿ ದ್ವೀಪಸಮೂಹದ ಕವಾಯಿ ದ್ವೀಪದಲ್ಲಿ ಮಾತ್ರ ಇರುವ ಅಕಿಕಿಕಿ ಎಂಬ ಪುಟ್ಟ ಹಕ್ಕಿಯ ಬಗ್ಗೆ ಓದತೊಡಗಿದ ಮೇಲೆ ಆ ಚಿತ್ರ ಕದಡಿಹೋಯಿತು. ಅದರ ನೆಲೆಯನ್ನು ತೋರಿಸುವ ಹಳೆಯ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದ ಸಂಜೆ ಇನ್ನೂ ನೆನಪಿದೆ. 1970ರ ಸುಮಾರಿಗೆ 88 ಚದರ ಕಿಲೋಮೀಟರಿನಷ್ಟಿದ್ದ ಅದರ ನೆಲೆ 2000ದ ಹೊತ್ತಿಗೆ 36 ಚದರ ಕಿಲೋಮೀಟರಿಗೆ ಇಳಿದಿತ್ತು. ಆದರೆ ಹಕ್ಕಿ ಬಿಟ್ಟುಹೋದ ಜಾಗದಲ್ಲಿ ಬಹುಪಾಲು ಕಾಡು ಕಾಡಾಗಿಯೇ ಉಳಿದಿತ್ತು. ಮರಗಳು ನಿಂತೇ ಇದ್ದವು, ಮಳೆ ಸುರಿಯುತ್ತಲೇ ಇತ್ತು; ಹಕ್ಕಿ ಮಾತ್ರ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿತ್ತು, ಅದೂ ಒಂದೇ ದಿಕ್ಕಿಗೆ, ಬೆಟ್ಟದ ಮೇಲಕ್ಕೆ.

ಆ ದ್ವೀಪವನ್ನು ನಾನು ಕಣ್ಣಾರೆ ಕಂಡಿಲ್ಲ. ಅಕಿಕಿಕಿಯನ್ನು ಕಂಡಿರುವುದು ಚಿತ್ರಗಳಲ್ಲಿ ಮತ್ತು ಕೆಲವೇ ಕ್ಷಣಗಳ ದೃಶ್ಯ ತುಣುಕುಗಳಲ್ಲಿ. ಬೆನ್ನು ಬೂದು, ಹೊಟ್ಟೆ ಬಿಳಿಚು, ಕೊಕ್ಕು ಮತ್ತು ಕಾಲುಗಳು ನಸುಗೆಂಪು, ತೂಕ ಹದಿನೈದು ಗ್ರಾಮಿನ ಆಸುಪಾಸು. ಮೊದಲ ನೋಟಕ್ಕೆ ಮನಸೆಳೆಯುವ ಬಣ್ಣ ಅದಕ್ಕಿಲ್ಲ. ಅದರ ಚೆಲುವಿರುವುದು ನಡಿಗೆಯಲ್ಲಿ. ಓಹಿಯಾ ಮರದ ಕೊಂಬೆಯ ಮೇಲೆ ಅದು ಹಾರುವುದಕ್ಕಿಂತ ಹೆಚ್ಚಾಗಿ ಹರಿದಾಡುತ್ತದೆ. ಮೇಲಿನಿಂದ ಪಕ್ಕಕ್ಕೆ, ಪಕ್ಕದಿಂದ ಕೊಂಬೆಯ ಅಡಿಗೆ ಸರಿದು, ತಲೆಕೆಳಗಾಗಿ ನಿಂತು, ಪಾಚಿಯ ಸಣ್ಣ ಎಳೆಯೊಂದನ್ನು ಕೊಕ್ಕಿನಿಂದ ಮೇಲೆತ್ತಿ ಅಡಿಯಲ್ಲಿ ಇಣುಕುತ್ತದೆ. ತೊಗಟೆಯ ಸಂದಿನಲ್ಲೋ ಕಲ್ಲುಹೂವಿನ ಮಡಿಕೆಯಲ್ಲೋ ಅಡಗಿದ ಹುಳುವನ್ನು, ಜೇಡವನ್ನು ಹೆಕ್ಕಿ ನುಂಗಿ ಮತ್ತೆ ಒಂದು ಅಂಗುಲ ಮುಂದೆ ಹೋಗುತ್ತದೆ. ಅವಸರವೆಂಬುದೇ ಇಲ್ಲದ ಆ ಹುಡುಕಾಟವನ್ನು ನಾನು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ. ಎಳೆಯ ಹಕ್ಕಿಗಳಿಗೆ ಕಣ್ಣಿನ ಸುತ್ತ ಬಿಳಿ ಉಂಗುರವಿರುತ್ತದೆ. ಕನ್ನಡಕ ಹಾಕಿಕೊಂಡಂತೆ ಕಾಣುವ ಆ ಮರಿಗಳು ಬಹಳ ಕಾಲ ತಂದೆತಾಯಿಯ ಹಿಂದೆಯೇ ಅಲೆಯುತ್ತ ಕೊಂಬೆಯನ್ನು ಓದುವುದನ್ನು ಕಲಿಯುತ್ತವೆ.

ಅಕಿಕಿಕಿ ಹವಾಯಿಯ ಹನಿಕ್ರೀಪರ್ ಎಂಬ ಕುಲಕ್ಕೆ ಸೇರಿದ್ದು. ಯಾವ ಖಂಡದಿಂದ ಅಳೆದರೂ 3,500 ಕಿಲೋಮೀಟರಿಗಿಂತ ದೂರವಿರುವ ಈ ದ್ವೀಪಗಳಿಗೆ ಹಲವು ದಶಲಕ್ಷ ವರ್ಷಗಳ ಹಿಂದೆ ಏಷ್ಯಾದ ಕಡೆಯ ಒಂದು ಬಗೆಯ ಫಿಂಚ್ ಹಕ್ಕಿಗಳು ಬಂದಿಳಿದವು. ಅವುಗಳ ಸಂತತಿ ಇಲ್ಲಿನ ಕಾಡುಗಳಲ್ಲಿ ಕವಲೊಡೆದು ಐವತ್ತಕ್ಕೂ ಹೆಚ್ಚು ಪ್ರಭೇದಗಳಾಯಿತು. ಹೂವಿನ ಕೊಳವೆಗೆ ಸರಿಯಾಗಿ ಬಾಗಿದ ಕೊಕ್ಕಿನವು, ಗಟ್ಟಿ ಬೀಜ ಒಡೆಯುವ ಕೊಕ್ಕಿನವು, ಮೊಗ್ಗನ್ನು ಬಿಡಿಸುವಂಥ ಕತ್ತರಿ ಕೊಕ್ಕಿನವು, ಹೀಗೆ ಒಂದೇ ಮನೆತನದಲ್ಲಿ ಇಷ್ಟೊಂದು ಬಗೆ ಮೂಡಿದ್ದು ಜಗತ್ತಿನಲ್ಲಿ ಬೇರೆಡೆ ಕಾಣುವುದು ಅಪರೂಪ. ಇಂದು ಉಳಿದಿರುವುದು 17 ಪ್ರಭೇದಗಳು. ಅವುಗಳಲ್ಲಿ ಹಲವು ಬೆಟ್ಟದ ಮೇಲ್ಭಾಗದ ಒಂದು ಪಟ್ಟಿಯಷ್ಟು ಕಾಡಿಗೆ ಬಂದು ನಿಂತಿವೆ.

ಆ ಪಟ್ಟಿಯ ಕೆಳಗಿನ ಅಂಚನ್ನು ಎಳೆದಿರುವುದು ಸೊಳ್ಳೆ. ಹವಾಯಿಯಲ್ಲಿ ಮೂಲತಃ ಸೊಳ್ಳೆಯೇ ಇರಲಿಲ್ಲ ಎಂಬುದನ್ನು ಮೊದಲ ಸಲ ಓದಿದಾಗ ನನಗೆ ನಂಬಲು ಕಷ್ಟವಾಯಿತು. 1826ರಲ್ಲಿ ಮಾವಿ ದ್ವೀಪದ ಲಹೈನಾದಲ್ಲಿ ಲಂಗರು ಹಾಕಿದ ವೆಲ್ಲಿಂಗ್ಟನ್ ಎಂಬ ಹಡಗಿನವರು ಹಳೆಯ ನೀರಿನ ಪೀಪಾಯಿಗಳನ್ನು ತೊಳೆದಾಗ ಅದರೊಳಗಿದ್ದ ಸೊಳ್ಳೆಯ ಮರಿಹುಳುಗಳು ದ್ವೀಪದ ನೀರಿಗೆ ಸೇರಿದವು ಎಂದು ಹೇಳಲಾಗುತ್ತದೆ. ಬಂದದ್ದು ಬೇರೆ ದೇಶಗಳಲ್ಲಿ ಮನುಷ್ಯರಿಗೆ ಆನೆಕಾಲು ರೋಗ ಹರಡುವ, ಮನೆಗಳ ಸುತ್ತ ನಿಂತ ನೀರಿನಲ್ಲಿ ಬೆಳೆಯುವ ಸಾಮಾನ್ಯ ಕ್ಯೂಲೆಕ್ಸ್ ಸೊಳ್ಳೆ. ಅದು ಬಂದ ಮೇಲೆಯೂ ಒಂದು ಶತಮಾನದಷ್ಟು ಕಾಲ ದ್ವೀಪದಲ್ಲಿ ಹಕ್ಕಿ ಮಲೇರಿಯಾ ಹರಡಿರಲಿಲ್ಲ. ಹಕ್ಕಿಗಳ ಸಿಡುಬು ಮಾತ್ರ ಅಲ್ಲಲ್ಲಿ ಕಾಣಿಸಿಕೊಂಡಿತ್ತು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ತಗ್ಗು ಪ್ರದೇಶದ ಹಾಡುಹಕ್ಕಿಗಳು ಕಡಿಮೆಯಾದವೆಂದು ಹೊರಗಿನಿಂದ ಬಗೆಬಗೆಯ ಹಕ್ಕಿಗಳನ್ನು ತಂದು ಬಿಟ್ಟ ದಿನಗಳಲ್ಲಿ, ಮಲೇರಿಯಾದ ಪರೋಪಜೀವಿಯೂ ನೆಲೆಯೂರಿತು. ಅದನ್ನು ಒಯ್ಯುವ ವಾಹನ ಆಗಲೇ ಸಿದ್ಧವಾಗಿತ್ತು.

ಲಕ್ಷಾಂತರ ವರ್ಷ ಸೊಳ್ಳೆಯನ್ನೇ ಕಾಣದ ಹಕ್ಕಿಗಳ ರಕ್ತಕ್ಕೆ ಈ ರೋಗದ ಪರಿಚಯವಿರಲಿಲ್ಲ. ಇಇವಿ ಎಂಬ ಕೆಂಡದ ಬಣ್ಣದ ಹನಿಕ್ರೀಪರ್ ಹಕ್ಕಿಗೆ ಸೋಂಕಿರುವ ಸೊಳ್ಳೆ ಒಂದೇ ಒಂದು ಸಲ ಕಚ್ಚಿದರೆ ಸಾಕು, ಹತ್ತರಲ್ಲಿ ಒಂಬತ್ತು ಹಕ್ಕಿಗಳು ಬದುಕುವುದಿಲ್ಲ ಎಂದು ಪ್ರಯೋಗಗಳು ತೋರಿಸಿವೆ. ಕೆಂಪು ರಕ್ತಕಣಗಳು ಒಡೆಯುತ್ತ ಹೋಗಿ, ಯಕೃತ್ತು ಮತ್ತು ಗುಲ್ಮ ಊದಿಕೊಂಡು, ಆಹಾರ ಹುಡುಕಲೂ ತ್ರಾಣವಿಲ್ಲದೆ ಹಕ್ಕಿ ಕೊಂಬೆಯ ಮೇಲೆ ಮುದುಡಿ ಕೂರುತ್ತದೆ. ಕಾಡಿನಲ್ಲಿ ಹೀಗೆ ಸತ್ತ ಹಕ್ಕಿಯ ದೇಹ ಮನುಷ್ಯರ ಕಣ್ಣಿಗೆ ಬೀಳುವುದೇ ಕಡಿಮೆ, ಮಳೆಯೂ ಇಲಿಗಳೂ ಕ್ಷಣದಲ್ಲಿ ಅದನ್ನು ಇಲ್ಲವಾಗಿಸುತ್ತವೆ. ಎಷ್ಟೋ ವರ್ಷ ಈ ಸಾವುಗಳು ಯಾರ ಗಮನಕ್ಕೂ ಬಾರದೆ ನಡೆದದ್ದು ಅದಕ್ಕಾಗಿಯೇ.

1958ರ ಸುಮಾರಿಗೆ ರಿಚರ್ಡ್ ವಾರ್ನರ್ ಎಂಬ ವಿಜ್ಞಾನಿ ಮಾಡಿದ ಪ್ರಯೋಗ ಇಂದಿಗೂ ಓದಲು ಕಷ್ಟವೆನಿಸುತ್ತದೆ. ಕವಾಯಿಯ ಎತ್ತರದ ಕಾಡಿನಿಂದ ಹಿಡಿದ ಸ್ಥಳೀಯ ಹಕ್ಕಿಗಳನ್ನು ಅವರು ತಗ್ಗಿಗೆ ತಂದು, ಸೊಳ್ಳೆ ನುಸುಳದ ತೆಳುಬಟ್ಟೆ ಹೊದಿಸಿದ ಪಂಜರಗಳಲ್ಲಿಟ್ಟರು. ಬಟ್ಟೆ ಇರುವ ತನಕ ಹಕ್ಕಿಗಳು ಆರೋಗ್ಯವಾಗಿದ್ದವು. ಬಟ್ಟೆ ತೆಗೆದ ಮೇಲೆ ಕಾಯಿಲೆ ಬಿದ್ದು ಸತ್ತವು. ಒಂದು ಪದರ ಬಟ್ಟೆಯ ಆಚೆ ಈಚೆಯ ವ್ಯತ್ಯಾಸ ಅಷ್ಟೇ. ಗಾಳಿ ಅದೇ, ಆಹಾರ ಅದೇ. ಸುಮಾರು 600 ಮೀಟರ್ ಎತ್ತರದ ಕೆಳಗೆ ಹನಿಕ್ರೀಪರ್‌ಗಳು ಏಕೆ ಕಾಣಿಸುತ್ತಿಲ್ಲವೆಂಬ ಪ್ರಶ್ನೆಗೆ 1968ರಲ್ಲಿ ಪ್ರಕಟವಾದ ಅವರ ಬರಹ ಉತ್ತರ ಕೊಟ್ಟಿತು. ನಕ್ಷೆಯ ಮೇಲೆ ನಾನು ನೋಡುತ್ತಿದ್ದ ಗಡಿ ಯಾವುದೆಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗ. ಆ ಬಟ್ಟೆಯ ಕೆಲಸವನ್ನು ಬೆಟ್ಟದಲ್ಲಿ ಚಳಿ ಮಾಡುತ್ತಿತ್ತು.

ಚಳಿಯ ಲೆಕ್ಕ ಹೀಗಿದೆ. ಸೊಳ್ಳೆಯ ದೇಹದೊಳಗೆ ಮಲೇರಿಯಾದ ಪರೋಪಜೀವಿ ಬೆಳೆದು ಇನ್ನೊಂದು ಹಕ್ಕಿಗೆ ದಾಟುವ ಸ್ಥಿತಿಗೆ ಬರಬೇಕಾದರೆ ಬಿಸಿ ಬೇಕು. ಉಷ್ಣತೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಆ ಬೆಳವಣಿಗೆ ನಿಂತುಹೋಗುತ್ತದೆ. 17 ಡಿಗ್ರಿಯವರೆಗೂ ನಿಧಾನವಾಗಿಯೇ ಸಾಗುವುದರಿಂದ, ಅದು ಮುಗಿಯುವ ಮೊದಲೇ ಬಹುಪಾಲು ಸೊಳ್ಳೆಗಳ ಆಯುಷ್ಯ ಮುಗಿದಿರುತ್ತದೆ. ಬೆಟ್ಟ ಹತ್ತಿದಂತೆ ತಂಪು ಹೆಚ್ಚುವುದರಿಂದ ಒಂದು ಎತ್ತರದ ಮೇಲೆ ಹಕ್ಕಿಗಳಿಗೆ ಆಸರೆ ಸಿಕ್ಕಿತ್ತು. ಜಗತ್ತು ಬಿಸಿಯಾದಂತೆ ಆ ಎತ್ತರ ಮೇಲಕ್ಕೆ ಜರುಗುತ್ತಿದೆ, ಅದರ ಜೊತೆಗೆ ಹಕ್ಕಿಗಳ ನೆಲೆಯ ಕೆಳ ಅಂಚೂ ಜರುಗುತ್ತಿದೆ. ಮೇಲಿನ ಅಂಚಿಗೆ ಜರುಗಲು ಜಾಗವಿಲ್ಲ. ಹವಾಯಿಯ ದೊಡ್ಡ ದ್ವೀಪದಲ್ಲಿ ಮೌನಾ ಕೇಯ 4,200 ಮೀಟರಿನಷ್ಟು ಎತ್ತರಕ್ಕೆ ನಿಂತಿದೆ. ಕವಾಯಿಯ ಅತಿ ಎತ್ತರದ ತುದಿಯಾದ ಕವೈಕಿನಿ 1,598 ಮೀಟರ್ ಮಾತ್ರ.

ಅಕಿಕಿಕಿಯ ಕೊನೆಯ ಆಸರೆಯಾಗಿದ್ದ ಅಲಕಾಯಿ ಪ್ರಸ್ಥಭೂಮಿ ಆ ತುದಿಯ ಬುಡದಲ್ಲಿದೆ. ವರ್ಷಕ್ಕೆ ಸುಮಾರು 10,000 ಮಿಲಿಮೀಟರಿನಷ್ಟು ಮಳೆ ಸುರಿಯುವ, ಜಗತ್ತಿನಲ್ಲೇ ಅತಿ ಹೆಚ್ಚು ತೊಯ್ಯುವ ತಾಣಗಳಲ್ಲಿ ಒಂದಾದ ವೈಅಲೆಅಲೆ ಶಿಖರದ ಪಕ್ಕದ ಜವುಗು ಕಾಡು ಅದು. ಅಲ್ಲಿಯ ಹಕ್ಕಿಗಳ ರಕ್ತವನ್ನು 1990ರ ದಶಕದ ಮಧ್ಯಭಾಗದಲ್ಲಿ ಒಮ್ಮೆ, 2007ರಿಂದ 2013ರ ನಡುವೆ ಇನ್ನೊಮ್ಮೆ ಪರೀಕ್ಷಿಸಿದಾಗ ಮಲೇರಿಯಾದ ಪ್ರಮಾಣ ಎರಡು ಪಟ್ಟಿಗೂ ಮೀರಿ ಹೆಚ್ಚಿದ್ದು ಕಂಡುಬಂತು. ಅದೇ ಅವಧಿಯಲ್ಲಿ ಅಕಿಕಿಕಿಯ ಸಂಖ್ಯೆ ಕುಸಿಯುತ್ತ ಹೋಯಿತು. 1970ರ ದಶಕದ ಆರಂಭದ ಅಂದಾಜು 6,800ರಷ್ಟು. 2000ದಲ್ಲಿ 1,500ಕ್ಕೂ ಕಡಿಮೆ. 2012ರ ಎಣಿಕೆಯ ಹೊತ್ತಿಗೆ ಐನೂರರೊಳಗೆ. 2021ರಲ್ಲಿ ನಲವತ್ತೈದು. 2023ರಲ್ಲಿ ಐದು. ನಡುವೆ 2010ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಈಗ ಕಾಡಿನಲ್ಲಿ ಕುಲ ಮುಂದುವರಿಸುವಷ್ಟು ಅಕಿಕಿಕಿಗಳು ಉಳಿದಿಲ್ಲವೆಂಬುದು ಅದನ್ನು ವರ್ಷಗಟ್ಟಲೆ ಹಿಂಬಾಲಿಸಿದವರ ಅಭಿಪ್ರಾಯ.

ನಮ್ಮಂಥ ಓದುಗರಿಗೆ ಸಂಖ್ಯೆಗಳಿಗಿಂತ ಚದರ ಕಿಲೋಮೀಟರುಗಳು ಹೆಚ್ಚು ಧೈರ್ಯ ಕೊಡುತ್ತವೆ, ಇನ್ನೂ ಇಷ್ಟು ಜಾಗ ಉಳಿದಿದೆಯಲ್ಲ ಎಂಬ ಧೈರ್ಯ. ನನಗೂ ಹಾಗೆಯೇ ಆಗುತ್ತಿತ್ತು. ಆದರೆ 36 ಚದರ ಕಿಲೋಮೀಟರ್ ಎಂದು ಬರೆದಾಗ ಅಷ್ಟರಲ್ಲೂ ಹಕ್ಕಿ ಸಮನಾಗಿ ಹರಡಿಕೊಂಡಿದೆ ಎಂದು ಅರ್ಥವಲ್ಲ. ಅಂಚಿನಲ್ಲಿ ವಿರಳ, ನಡುವೆ ಅಷ್ಟಿಷ್ಟು, ಎಷ್ಟೋ ಕಣಿವೆಗಳಲ್ಲಿ ಏನೂ ಇಲ್ಲ. ಸಂರಕ್ಷಿತ ಪ್ರದೇಶದ ಗಡಿಯನ್ನು ನೆಲದ ಮೇಲೆ ಗುರುತಿಸುತ್ತೇವೆ, ಅಲಕಾಯಿಯನ್ನು 1964ರಲ್ಲಿಯೇ ಹಾಗೆ ಗುರುತಿಸಿ ಕಾಯ್ದಿಡಲಾಗಿದೆ. ಹಕ್ಕಿಯ ನಿಜವಾದ ಗಡಿ ಮಾತ್ರ ಗಾಳಿಯ ಬಿಸಿಯಲ್ಲಿದೆ. ನೆಲೆ ಎಂಬ ನಮ್ಮ ಮಾತಿನಲ್ಲಿ ನೆಲವೂ ಇದೆ, ನಿಲ್ಲುವುದೂ ಇದೆ. ಅಕಿಕಿಕಿಯ ಪಾಲಿಗೆ ನೆಲ ಉಳಿದು, ನಿಲ್ಲುವುದು ಕೈತಪ್ಪಿತು.

ಚಳಿಯ ಜೊತೆಗೆ ಇನ್ನೊಂದು ಸಂಗತಿಯೂ ಈ ಕಾಡನ್ನು ಕಾಯುತ್ತಿತ್ತು. ಅಲ್ಲಿನ ಜ್ವಾಲಾಮುಖಿ ಮಣ್ಣಿನ ಇಳಿಜಾರುಗಳಲ್ಲಿ ಸೊಳ್ಳೆ ಮೊಟ್ಟೆಯಿಡುವಂಥ ನಿಂತ ನೀರು ಹಲವೆಡೆ ಕಡಿಮೆ. ಅದನ್ನು ಒದಗಿಸಿದ್ದು ಹಂದಿಗಳು. ಮನುಷ್ಯರು ತಂದು, ತಪ್ಪಿಸಿಕೊಂಡು ಕಾಡುಪಾಲಾದ ಈ ಹಂದಿಗಳಿಗೆ ಹಾಪುಉ ಎಂಬ ಮರಜರೀಗಿಡದ ತಿರುಳು ಬಲು ಇಷ್ಟ. ಆಳೆತ್ತರ ಬೆಳೆದ ಜರೀಗಿಡವನ್ನು ಕೆಡವಿ, ನಾರುನಾರಾದ ಕಾಂಡವನ್ನು ಹಲ್ಲಿನಿಂದ ಸೀಳಿ, ಒಳಗಿನ ಹಿಟ್ಟಿನಂಥ ತಿರುಳನ್ನು ಅವು ತಿಂದು ಹೋಗುತ್ತವೆ. ಉಳಿಯುವುದು ದೋಣಿಯಂತೆ ಬಗೆದ ಒಂದು ತೊಟ್ಟಿ. ಮಳೆ ಬಂದರೆ ಅದು ತುಂಬುತ್ತದೆ, ಉದುರಿದ ಎಲೆ ಕೊಳೆತು ನೀರು ಕಪ್ಪಾಗುತ್ತದೆ, ಕೆಲವೇ ದಿನಗಳಲ್ಲಿ ಆ ಕಪ್ಪು ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಬಾಲ ಮೇಲೆ ಮಾಡಿ ತೂಗಾಡುತ್ತಿರುತ್ತವೆ. ಹಕ್ಕಿಯನ್ನು ಉಳಿಸಲು ಬೇಲಿ ಹಾಕುತ್ತಿದ್ದಾರೆ ಎಂದು ಓದಿದಾಗ ಹಕ್ಕಿಗೂ ಬೇಲಿಗೂ ಏನು ಸಂಬಂಧವೆಂದು ನಾನು ಯೋಚಿಸಿದ್ದುಂಟು. ಆ ತೊಟ್ಟಿಯ ಚಿತ್ರ ನೋಡಿದ ಮೇಲೆ ಮತ್ತೆ ಕೇಳಲಿಲ್ಲ.

ಇಲಿಗಳು ಗೂಡಿಗೆ ಹತ್ತುತ್ತವೆ. 1982ರ ಈವಾ, 1992ರ ಇನಿಕಿ ಎಂಬ ಎರಡು ಚಂಡಮಾರುತಗಳು ಕವಾಯಿಯ ಕಾಡಿನ ಮೇಲ್ಛಾವಣಿಯನ್ನು ಹರಿದುಹಾಕಿದವು. ಓಹಿಯಾ ಮರಗಳನ್ನೇ ಒಣಗಿಸುವ ಶಿಲೀಂಧ್ರ ರೋಗವೊಂದು ಈಚಿನ ವರ್ಷಗಳಲ್ಲಿ ಹಬ್ಬುತ್ತಿದೆ. ಇವೆಲ್ಲವೂ ನಿಜವಾದ ಕಾರಣಗಳೇ; ಆದರೂ ನೆಲೆ ಕುಗ್ಗಿದ ದಿಕ್ಕನ್ನು ನೋಡಿದರೆ, ಮೇಲಕ್ಕೆ, ಮತ್ತೂ ಮೇಲಕ್ಕೆ ಎಂಬ ಆ ಏಕಮುಖ ಚಲನೆಯನ್ನು ಸೊಳ್ಳೆಯಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ವಿವರಿಸುವುದಿಲ್ಲ ಎಂದು ನನಗೆ ತೋರುತ್ತದೆ. ಇಇವಿಯ ಪಾಡು ಇದಕ್ಕಿಂತ ದಾರುಣ. ಅದು ಮಕರಂದ ಕುಡಿಯುವ ಹಕ್ಕಿ. ಎಲ್ಲಿ ಓಹಿಯಾ ಹೂ ಬಿಟ್ಟಿದೆಯೋ ಅಲ್ಲಿಗೆ ಬೆಟ್ಟ ಇಳಿದು ಹೋಗುತ್ತದೆ. ಮೇಲಿನ ಕಾಡು ಸುರಕ್ಷಿತವಾಗಿದ್ದರೂ ಕೆಳಗಿನ ಹೂವು ಅದನ್ನು ಸೊಳ್ಳೆಯ ಸೀಮೆಗೆ ಕರೆಯುತ್ತದೆ. 2017ರಲ್ಲಿ ಅದನ್ನೂ ಅಪಾಯದ ಪಟ್ಟಿಗೆ ಸೇರಿಸಬೇಕಾಯಿತು.

ಈ ದ್ವೀಪಗಳಲ್ಲಿ ನನಗೆ ನಿಜವಾದ ಅಚ್ಚರಿ ಕೊಟ್ಟ ಹಕ್ಕಿಯೂ ಒಂದಿದೆ. ದೊಡ್ಡ ದ್ವೀಪದ ತಗ್ಗು ಕಾಡುಗಳಲ್ಲಿ, ಮಲೇರಿಯಾ ತುಂಬಿದ ಜಾಗದಲ್ಲಿಯೇ, ಅಮಕಿಹಿ ಎಂಬ ಹಳದಿ ಹಸಿರಿನ ಹನಿಕ್ರೀಪರ್ ಮತ್ತೆ ಹೆಚ್ಚುತ್ತಿರುವುದನ್ನು ಈ ಶತಮಾನದ ಆರಂಭದಲ್ಲಿ ಗುರುತಿಸಲಾಯಿತು. ಅವುಗಳಿಗೂ ಸೋಂಕು ತಗಲುತ್ತದೆ, ಆದರೆ ತಾಳಿಕೊಂಡು ಮರಿ ಮಾಡುತ್ತವೆ. ಮೊದಲೇ ಹೇರಳವಾಗಿದ್ದ ಹಕ್ಕಿಗಳಲ್ಲಿ ತಾಳುವ ಕೆಲವು ಉಳಿದು, ಅವುಗಳ ಸಂತತಿ ಬೆಳೆದಿರಬೇಕು. ಅಕಿಕಿಕಿಗೂ ಹೀಗಾಗಬಾರದೇ ಎಂದು ನಾನು ಆಸೆಪಟ್ಟದ್ದುಂಟು. ಹಾಗೆ ಆಯ್ದುಕೊಳ್ಳಲು ಬೇಕಾದಷ್ಟು ಹಕ್ಕಿಗಳೂ ತಲೆಮಾರುಗಳೂ ಅದಕ್ಕೆ ಉಳಿದಿರಲಿಲ್ಲ.

ಉಳಿದ ದಾರಿ ಮೊಟ್ಟೆಗಳನ್ನು ತರುವುದಾಗಿತ್ತು. 2015ರಲ್ಲಿ ಆ ಕೆಲಸ ಆರಂಭವಾಯಿತು. ಅಕಿಕಿಕಿ ಗೂಡು ಕಟ್ಟುವುದು ಓಹಿಯಾ ಮರದ ತುದಿಯ ತೆಳುಕೊಂಬೆಗಳಲ್ಲಿ. ಮನುಷ್ಯನ ಭಾರವನ್ನು ಅವು ತಾಳವು. ದಾರಿಯಿಲ್ಲದ ಜವುಗಿನೊಳಗೆ ಉದ್ದದ ಏಣಿಗಳನ್ನು ಹೊತ್ತೊಯ್ದು, ಮರಕ್ಕೆ ಒರಗಿಸದೆ ನಾಲ್ಕು ಕಡೆಯಿಂದ ಹಗ್ಗ ಬಿಗಿದು ನಿಲ್ಲಿಸಿ, ಒಬ್ಬರು ಮೇಲೇರಿ, ಉಗುರಿನಷ್ಟು ಮೊಟ್ಟೆಗಳನ್ನು ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಇಳಿಸಿದರು. ಹೆಲಿಕಾಪ್ಟರಿನಲ್ಲಿ ಹೊರಟ ಆ ಮೊಟ್ಟೆಗಳಿಂದ ಹುಟ್ಟಿದ ಹಕ್ಕಿಗಳೂ ಅವುಗಳ ಮರಿಗಳೂ ಮಾವಿ ಮತ್ತು ದೊಡ್ಡ ದ್ವೀಪದ ಸಂರಕ್ಷಣಾ ಕೇಂದ್ರಗಳಲ್ಲಿ, ಸೊಳ್ಳೆ ನುಸುಳದ ಜಾಲರಿಯ ಹಿಂದೆ ಬದುಕಿವೆ. ವಾರ್ನರ್ ಅವರ ಪಂಜರದ ಬಟ್ಟೆ ನನಗೆ ಇಲ್ಲಿ ಮತ್ತೆ ನೆನಪಾಗುತ್ತದೆ. 2023ರ ಆಗಸ್ಟ್‌ನಲ್ಲಿ ಮಾವಿಯಲ್ಲಿ ಕಾಳ್ಗಿಚ್ಚು ಹಬ್ಬಿದಾಗ ಅಲ್ಲಿನ ಕೇಂದ್ರದ ಅಂಚಿನವರೆಗೂ ಬೆಂಕಿ ಬಂದಿತ್ತು. ಸಿಬ್ಬಂದಿಯೂ ನೆರೆಯವರೊಬ್ಬರೂ ಬೆಂಕಿ ಆರಿಸುವ ಸಿಲಿಂಡರ್ ಮತ್ತು ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ಅದನ್ನು ತಡೆದರು. ಒಂದು ಪ್ರಭೇದದ ಬದುಕಿನ ದೊಡ್ಡದೊಂದು ಪಾಲು ಆ ಬೆಳಗಿನ ಜಾವ ಒಂದು ಪೈಪಿನ ನೀರನ್ನು ಆಶ್ರಯಿಸಿತ್ತು.

ಜಾಲರಿಯ ಹಿಂದಿನ ಹಕ್ಕಿ ಉಳಿದಿದೆ ಎನ್ನಬಹುದು. ಅದರ ನೆಲೆ ಎಷ್ಟು ಚದರ ಕಿಲೋಮೀಟರ್ ಎಂದು ಕೇಳಿದರೆ ಉತ್ತರವಿಲ್ಲ. ಮರಳಿ ಕಾಡಿಗೆ ಬಿಡಬಾರದೇ ಎಂದರೆ, ಅದರ ಫಲವನ್ನೂ ಮಾವಿಯಲ್ಲಿ ಕಂಡದ್ದಾಗಿದೆ. ಕಿವಿಕಿಯು ಎಂಬ ಗಿಳಿಕೊಕ್ಕಿನ ಹನಿಕ್ರೀಪರ್ 150ಕ್ಕೂ ಕಡಿಮೆ ಉಳಿದಿದೆ. 2019ರ ಅಕ್ಟೋಬರಿನಲ್ಲಿ ಹದಿನಾಲ್ಕು ಹಕ್ಕಿಗಳನ್ನು, ವರ್ಷಗಳ ಶ್ರಮದಿಂದ ಗಿಡ ನೆಟ್ಟು ಬೇಲಿ ಹಾಕಿ ಮರಳಿ ಬೆಳೆಸಿದ ನಕುಲ ಎಂಬಲ್ಲಿಗೆ ಒಯ್ದರು. ಹಲೆಅಕಲಾ ಪರ್ವತದ ಆ ಎತ್ತರಕ್ಕೆ ಸೊಳ್ಳೆ ಅಷ್ಟಾಗಿ ಬರುವುದಿಲ್ಲವೆಂಬ ಭರವಸೆಯಿತ್ತು. ಕೆಲವೇ ವಾರಗಳಲ್ಲಿ ಹಕ್ಕಿಗಳು ಒಂದರ ಹಿಂದೆ ಒಂದು ಮಲೇರಿಯಾದಿಂದ ಸತ್ತವು. ಎಲ್ಲವೂ ಮುಗಿಯಿತೆಂದುಕೊಂಡು ಇಪ್ಪತ್ತು ತಿಂಗಳಾದ ಮೇಲೆ, 2021ರ ಜುಲೈಯಲ್ಲಿ, ಅದೇ ಕಾಡಿನಲ್ಲಿ ಕಾಲಿಗೆ ಬಣ್ಣದ ಬಳೆಗಳಿದ್ದ ಒಂದು ಗಂಡು ಕಿವಿಕಿಯು ಕಾಣಿಸಿತು. ಅದನ್ನು ಬಿಟ್ಟುಬಂದವರಿಗೆ ಆ ಬಳೆಗಳ ಬಣ್ಣ ಕಂಡಾಗ ಏನೆನ್ನಿಸಿರಬಹುದೆಂದು ನಾನು ಹಲವು ಸಲ ಊಹಿಸಿಕೊಂಡಿದ್ದೇನೆ.

2023ರ ಅಕ್ಟೋಬರಿನಲ್ಲಿ ಅಮೆರಿಕದ ವನ್ಯಜೀವಿ ಇಲಾಖೆ ಹವಾಯಿಯ ಎಂಟು ಕಾಡುಹಕ್ಕಿಗಳನ್ನು ಅಳಿದುಹೋದವೆಂದು ಅಧಿಕೃತವಾಗಿ ಪಟ್ಟಿಯಿಂದ ತೆಗೆದುಹಾಕಿತು. ಅವುಗಳಲ್ಲಿ ಅಲಕಾಯಿಯಲ್ಲಿಯೇ ಕೊನೆಯುಸಿರೆಳೆದ ಕವಾಯಿ ಓಓ ಕೂಡ ಇತ್ತು. 1987ರ ನಂತರ ಅದರ ದನಿಯನ್ನು ಯಾರೂ ಕೇಳಿಲ್ಲ. ಅದರೊಂದಿಗೆ ಮೋಹೋ ಹಕ್ಕಿಗಳ ಇಡೀ ಕುಟುಂಬವೇ ಮುಗಿದುಹೋಯಿತು. ಆ ದನಿಯ ಧ್ವನಿಮುದ್ರಿಕೆ ಇದೆ. ನಾನು ಅದನ್ನು ಒಮ್ಮೆ ಕೇಳಿದೆ, ಮತ್ತೆ ಕೇಳಲಾಗಲಿಲ್ಲ.

2023ರ ಕೊನೆಯಲ್ಲಿ ಮಾವಿಯಲ್ಲಿ ಇನ್ನೊಂದು ಕೆಲಸ ಶುರುವಾಯಿತು, ಆಮೇಲೆ ಕವಾಯಿಗೂ ಬಂತು. ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಎಷ್ಟೋ ಕೀಟಗಳ ದೇಹದಲ್ಲಿ ಸಹಜವಾಗಿ ಇರುವಂಥದು. ಕಾಡಿನ ಸೊಳ್ಳೆಗಳಲ್ಲಿ ಇರುವುದಕ್ಕಿಂತ ಬೇರೆ ಬಗೆಯ ವೋಲ್ಬಾಕಿಯಾ ಹೊತ್ತ ಗಂಡು ಸೊಳ್ಳೆಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಬಿಟ್ಟರೆ, ಅವುಗಳ ಜೊತೆ ಕೂಡಿದ ಹೆಣ್ಣು ಸೊಳ್ಳೆಯ ಮೊಟ್ಟೆ ಒಡೆಯುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದಿಲ್ಲ, ರೋಗವನ್ನೂ ದಾಟಿಸುವುದಿಲ್ಲ. ವಾರವಾರವೂ ಲಕ್ಷಗಟ್ಟಲೆ ಬಿಡುತ್ತ ಹೋದರೆ ಸೊಳ್ಳೆಯ ಸಂತತಿ ಕುಸಿದು, ಹಕ್ಕಿಗಳ ನೆಲೆಯ ಆ ಕೆಳ ಅಂಚು ಮತ್ತೆ ಕೆಳಕ್ಕೆ ಇಳಿಯಬಹುದೆಂಬ ಲೆಕ್ಕಾಚಾರ ಇದು. ಒಂದು ಹಕ್ಕಿಯ ನೆಲೆಯನ್ನು ಹಿಗ್ಗಿಸಲು ಒಂದು ಸಸಿಯನ್ನೂ ನೆಡದೆ ಮಾಡುವ ಪ್ರಯತ್ನವನ್ನು ನಾನು ಬೇರೆಲ್ಲೂ ಓದಿರಲಿಲ್ಲ. ಇದು ಇಪ್ಪತ್ತು ವರ್ಷ ಮುಂಚೆ ಕೈಗೂಡಿದ್ದರೆ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇರುತ್ತದೆ.

ಹೆಲಿಕಾಪ್ಟರಿನಿಂದಲೂ ಈಗೀಗ ಡ್ರೋನ್‌ಗಳಿಂದಲೂ, ಮಣ್ಣಿನಲ್ಲಿ ಕರಗಿಹೋಗುವ ಪುಟ್ಟ ಡಬ್ಬಿಗಳು ಓಹಿಯಾ ಮರಗಳ ನಡುವೆ ಉದುರುತ್ತವೆ. ಒಂದೊಂದರಲ್ಲಿಯೂ ನೂರಾರು ಗಂಡು ಸೊಳ್ಳೆಗಳು. ಅಲಕಾಯಿಯಲ್ಲಿ ಆ ಡಬ್ಬಿಗಳು ಬೀಳುವ ಮರಗಳಲ್ಲಿ ಅಕಿಕಿಕಿ ಬಹುಶಃ ಇಲ್ಲ. ಅದರ ನೆರೆಯ ಹಕ್ಕಿ ಅಕೆಕೆಎ ಇನ್ನೂ ಇದೆ, ಕೆಲವೇ ಕೆಲವು; ತುದಿಯಲ್ಲಿ ಒಂದಕ್ಕೊಂದು ಹಾದುಹೋದ ಕೊಕ್ಕನ್ನು ಮುಚ್ಚಿದ ಎಲೆಮೊಗ್ಗಿನೊಳಗೆ ತೂರಿಸಿ, ಮೆಲ್ಲಗೆ ತಿರುಗಿಸಿ, ಒಳಗಿನ ಹುಳುವನ್ನು ಹೊರತೆಗೆದು ಮುಂದಿನ ಮೊಗ್ಗಿಗೆ ಹೋಗುತ್ತದೆ.